ಶಕುಂತಲೆಯ ಕಾಲಿಗೆ ಮುಳ್ಳು ಚುಚ್ಚಿಲ್ಲ: ರವಿವರ್ಮರ ಚಿತ್ರವನ್ನು ಕೈಯಲ್ಲಿ ನಕಲು ಮಾಡುವ ಬಗೆ

ನಾನು ಮಾಡಿದ ಮೊದಲ ಶಕುಂತಲೆಯನ್ನು ತೆಗೆದುಕೊಂಡು ಹೋಗಲು ಒಬ್ಬ ರಿಟೈರ್ಡ್ ಕನ್ನಡ ಮೇಷ್ಟ್ರು ಬಂದಿದ್ದರು. ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ತೋರಿಸಿದೆ. ಎರಡು ನಿಮಿಷ ಮಾತಿಲ್ಲದೆ ನೋಡಿದರು.

"ಏನಯ್ಯಾ, ಈ ಹುಡುಗಿಗೆ ನಿಜವಾಗ್ಲೂ ಮುಳ್ಳು ಚುಚ್ಚಿಬಿಟ್ಟಿದೆಯಲ್ಲ!"

ನಾನು ಹೊಗಳಿಕೆ ಅಂದುಕೊಂಡೆ. "ಹೌದು ಸಾರ್, ಆ ಹುಬ್ಬು ಗಂಟಿಕ್ಕೋ ಹಾಗೆ ಮಾಡೋಕೆ ಎರಡು ದಿನ ಹಿಡೀತು" ಅಂದೆ.

"ಅವಳಿಗೆ ಮುಳ್ಳೇ ಚುಚ್ಚಿಲ್ಲ ಕಣಯ್ಯಾ. ತಿರುಗಿ ಅವನನ್ನ ನೋಡಬೇಕು, ಅದಕ್ಕೊಂದು ನೆಪ. ಅಷ್ಟೇ."

ಆ ಮಾತು ಕೇಳಿ ಇಪ್ಪತ್ತು ವರ್ಷದ ಮೇಲಾಯಿತು. ಅದಕ್ಕೂ ಮುಂಚೆ ನಾನು ಮೈಸೂರಿನಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವನು. ಮೂವತ್ತು ಅಡಿ ಹೀರೋ, ಹತ್ತು ಅಡಿ ವಿಲನ್. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಕೈ ಸುಮ್ನೆ ಇರಲ್ಲ, ಹೊಟ್ಟೆಯೂ ಬಿಡಲ್ಲ. ಆಗ ಹಿಡಿದದ್ದು ರವಿವರ್ಮರ ಚಿತ್ರಗಳ ನಕಲು. ಗೆರೆ, ಅಳತೆ, ಬಣ್ಣ ಎಲ್ಲ ಗೊತ್ತಿತ್ತು. ಕತೆ ಮಾತ್ರ ಓದಿರಲಿಲ್ಲ. ಹಾಗಾಗಿ ಮೊದಲು ಕತೆಯ ವಿಷಯ. ಬ್ರಶ್ಶು ಆಮೇಲೆ.

ಸನ್ನಿವೇಶ ಓದಿಕೊಳ್ಳಿ

ರವಿವರ್ಮರ ಈ ಚಿತ್ರ ನಿಮಗೆ ಗೊತ್ತೇ ಇರುತ್ತದೆ. ಶಕುಂತಲೆ ಒಂದು ಕೈಯನ್ನು ಗೆಳತಿಯ ಹೆಗಲ ಮೇಲೆ ಇಟ್ಟಿದ್ದಾಳೆ. ಇನ್ನೊಂದು ಕೈ ಹಿಂದಕ್ಕೆ ಎತ್ತಿದ ಪಾದದ ಹತ್ತಿರ. ಮುಖ ಹಿಂದಕ್ಕೆ ತಿರುಗಿದೆ. ಯಾರನ್ನು ನೋಡುತ್ತಿದ್ದಾಳೋ ಆ ದುಷ್ಯಂತ ಚಿತ್ರದಲ್ಲೇ ಇಲ್ಲ.

ಕಾಳಿದಾಸನ ನಾಟಕದಲ್ಲಿ ಇದು ಮೊದಲ ಅಂಕದ ಕೊನೆಗೆ ಬರುತ್ತದೆ. ಅನಸೂಯೆ, ಪ್ರಿಯಂವದೆ ಹೊರಟಿದ್ದಾರೆ. ಇವಳು ಹಿಂದೆ ಉಳಿಯುತ್ತಾಳೆ. ಎಳೆ ದರ್ಭೆಯ ಮೊನೆ ಕಾಲಿಗೆ ಚುಚ್ಚಿತು ಅನ್ನುತ್ತಾಳೆ. ಉಟ್ಟ ನಾರುಮಡಿ ಗಿಡದ ಕೊಂಬೆಗೆ ಸಿಕ್ಕಿಕೊಂಡಿತು, ಸ್ವಲ್ಪ ನಿಲ್ಲಿ ಅನ್ನುತ್ತಾಳೆ. ಎರಡನೇ ಅಂಕದಲ್ಲಿ ದುಷ್ಯಂತ ಇದನ್ನೇ ವಿದೂಷಕನಿಗೆ ಹೇಳಿ ಖುಷಿಪಡುತ್ತಾನೆ. ಬಟ್ಟೆ ಎಲ್ಲೂ ಸಿಕ್ಕಿರಲಿಲ್ಲ, ಆದರೂ ಬಿಡಿಸಿಕೊಳ್ಳುತ್ತಾ ನನ್ನ ಕಡೆ ಮುಖ ಮಾಡಿ ನಿಂತಳು ಅಂತ. ಅಂದರೆ ನೋಡಿ, ಅದು ಮುಳ್ಳೂ ಅಲ್ಲ, ಹುಲ್ಲಿನ ಮೊನೆ. ಆ ಮೊನೆಯೂ ನೆಪ.

ಮೇಷ್ಟ್ರು ಅವತ್ತು ಚಿತ್ರ ತೆಗೆದುಕೊಂಡು ಹೋಗಲಿಲ್ಲ. ಮಾರನೇ ದಿನ ಬಂದು ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲದ ಒಂದು ಹಳೇ ಪ್ರತಿ ಕೊಟ್ಟು ಹೋದರು. ಮೈಸೂರು ಅರಮನೆಯ ಆಸ್ಥಾನದಲ್ಲಿದ್ದವರು ಈ ಶಾಸ್ತ್ರಿಗಳು. ಭಾಷೆ ನನಗೆ ಕಷ್ಟವೇ ಆಯಿತು. ಅರ್ಥವಾಗದ ಕಡೆ ಮಗಳನ್ನು ಕೂರಿಸಿಕೊಂಡು ಓದಿಸಿದೆ. ಆದರೆ ಆ ಒಂದು ಪುಟ ಓದಿದ ಮೇಲೆ ಚಿತ್ರದಲ್ಲಿ ಏನು ತಪ್ಪಾಗಿದೆ ಅಂತ ನನಗೇ ಕಂಡಿತು.

ನೀವು ರವಿವರ್ಮರದ್ದೇ ಹಂಸ ದಮಯಂತಿ ಮಾಡುವುದಾದರೆ ಕನಕದಾಸರ ನಳಚರಿತ್ರೆಯಲ್ಲಿ ಹಂಸ ಬರುವ ಭಾಗ ಓದಿ. ಅವರದ್ದೇ ಇಂದ್ರಜಿತುವಿನ ವಿಜಯ ಮಾಡುವುದಾದರೆ ಅವನು ಯಾರನ್ನು ಗೆದ್ದು ಬಂದಿದ್ದಾನೆ ಅಂತ ತಿಳಿದುಕೊಳ್ಳಿ. ನಾನು ಈಗ ಯಾವ ಚಿತ್ರ ಶುರುಮಾಡಿದರೂ ಒಂದು ಚೀಟಿ ಬರೆದು ಕ್ಯಾನ್ವಾಸ್ ಹಿಂದೆ ಅಂಟಿಸಿಕೊಳ್ಳುತ್ತೇನೆ. ಒಂದೇ ಸಾಲು. ಶಕುಂತಲೆಗೆ ಬರೆದದ್ದು: "ನೋವಿಲ್ಲ. ಕಳ್ಳ ನೋಟ."

ಯಾವುದನ್ನು ನೋಡಿ ಬರೆಯಬೇಕು

ಅಜ್ಜಿ ಮನೆಯ ಗೋಡೆಯಲ್ಲಿ ಇದ್ದ ಪಟ ರವಿವರ್ಮರೇ ಕೈಯಾರೆ ಬರೆದದ್ದಲ್ಲ. ಅದು ಅಚ್ಚು. 1894ರಲ್ಲಿ ಅವರು ಬೊಂಬಾಯಿಯಲ್ಲಿ ಪ್ರೆಸ್ ಶುರುಮಾಡಿದರು. ಅಲ್ಲಿ ಮೊದಲು ಅಚ್ಚಾದದ್ದೂ ಶಕುಂತಲೆಯ ಜನನದ ಚಿತ್ರವೇ. ಆಮೇಲೆ ಪ್ರೆಸ್ಸು ಲೋನಾವಳದ ಹತ್ತಿರದ ಮಳವಳಿಗೆ ಹೋಯಿತು. 1901ರಲ್ಲಿ ಅದನ್ನು ಪ್ರೆಸ್ಸಿನಲ್ಲೇ ತಂತ್ರಜ್ಞರಾಗಿದ್ದ ಜರ್ಮನಿಯ ಶ್ಲೈಶರ್ ಅವರಿಗೆ ಮಾರಿದರು. ಅದು ಕಲ್ಲಚ್ಚು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಹಲಗೆ. ಕಲ್ಲಿನ ಮೇಲೆ ಇನ್ಯಾರೋ ಮತ್ತೆ ಬರೆಯಬೇಕು. ಹಾಗಾಗಿ ಬಣ್ಣ ಬೇರೆಯಾಗುತ್ತದೆ, ಮುಖವೂ ಸ್ವಲ್ಪ ಬೇರೆಯಾಗುತ್ತದೆ. ಆ ಪಟ ನೋಡಿ ಬರೆದರೆ ನಕಲಿನ ನಕಲು ಆಗುತ್ತದೆ. ಅಚ್ಚಿನ ಪಟವೇ ಇಷ್ಟ ಅಂದರೆ ಅದನ್ನೇ ಮಾಡಿ, ತಪ್ಪೇನಿಲ್ಲ. ಆದರೆ ಎರಡನ್ನೂ ಬೆರೆಸಬೇಡಿ.

ಫೋನಿನಲ್ಲಿ ಸಿಕ್ಕ ಮೊದಲ ಚಿತ್ರವನ್ನೂ ನಂಬಬೇಡಿ. ಒಂದು ಕಲ್ಯಾಣ ಮಂಟಪದವರಿಗೆ ನಾನು ಒಂದು ದಮಯಂತಿ ಮಾಡಿಕೊಟ್ಟೆ. ಅವರೇ ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರ. ಅದರಲ್ಲಿದ್ದ ಹಾಗೇ ಬಣ್ಣ ಕೂಡಿಸಿದೆ, ಕೂದಲೆಳೆ ತಪ್ಪಲಿಲ್ಲ. ಮಂಟಪದ ಬಿಳಿ ಗೋಡೆಗೆ ತೂಗುಹಾಕಿದ ಮೇಲೆ ನೋಡಿದರೆ ದಮಯಂತಿಗೂ ಹಂಸಕ್ಕೂ ಸೇರಿಸಿ ಅರಿಶಿಣ ಶಾಸ್ತ್ರ ಮಾಡಿಸಿದ ಹಾಗಿತ್ತು. ಆಗಿದ್ದು ಇಷ್ಟೇ. ಹಳೇ ಚಿತ್ರದ ಮೇಲಿನ ವಾರ್ನಿಷ್ ವರ್ಷ ಕಳೆದಂತೆ ಹಳದಿಯಾಗುತ್ತದೆ. ಅದರ ಮೇಲೆ ಯಾರೋ ಹಳದಿ ಬಲ್ಬಿನ ಕೆಳಗೆ ಫೋಟೊ ಹೊಡೆದಿದ್ದರು. ನಾನು ವಾರ್ನಿಷ್ಷನ್ನೂ ಬಲ್ಬನ್ನೂ ನಕಲು ಮಾಡಿದ್ದೆ.

ಈಗ ನಾನು ಮಾಡುವುದು ಹೀಗೆ. ಒಂದೇ ಚಿತ್ರದ ನಾಲ್ಕೈದು ಫೋಟೊ ಇಳಿಸಿಕೊಳ್ಳುತ್ತೇನೆ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ದೊಡ್ಡ ಅಳತೆಯವು ಪುಕ್ಕಟೆ ಸಿಗುತ್ತವೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಬಿಳಿ ಇರಬೇಕಾದ ಜಾಗ ಹುಡುಕುತ್ತೇನೆ. ಹಂಸದ ಎದೆ, ಮುಡಿದ ಹೂವು, ಕಣ್ಣಿನ ಬಿಳಿ. ಅಲ್ಲಿ ಹಳದಿ ಕಂಡರೆ ಇಡೀ ಫೋಟೊದಲ್ಲಿ ಹಳದಿ ಇದೆ ಅಂತ ಲೆಕ್ಕ. ಇದ್ದುದರಲ್ಲಿ ನಂಬಿಕಸ್ಥ ಒಂದನ್ನು ಮಿರುಗದ ಕಾಗದದ ಮೇಲೆ ಪ್ರಿಂಟ್ ಹಾಕಿಸುತ್ತೇನೆ. 8 ಇಂಚು ಅಗಲ, 13 ಇಂಚು ಎತ್ತರದ ಪ್ರಿಂಟ್ ಚೊಕ್ಕ ಬರಬೇಕಾದರೆ ಫೈಲು 2400 ಪಿಕ್ಸೆಲ್ ಅಗಲ, 3900 ಪಿಕ್ಸೆಲ್ ಎತ್ತರ ಇರಬೇಕು. ಅಷ್ಟು ಇಲ್ಲದಿದ್ದರೆ ಬೆರಳುಗಳೆಲ್ಲ ಬೆಂಡೆಕಾಯಿ ಹಾಗೆ ಬರುತ್ತವೆ.

ಸಾಧ್ಯವಾದರೆ ಒಂದು ಸಲ ಅಸಲು ಚಿತ್ರ ನೋಡಿ ಬನ್ನಿ. ಶಕುಂತಲೆ ಇರುವುದು ತಿರುವನಂತಪುರದಲ್ಲಿ. ಅಷ್ಟು ದೂರ ಆಗದಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ. ಅಲ್ಲಿ ಇಂದ್ರಜಿತುವಿನ ವಿಜಯ ಇದೆ. ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು, ಯಾವ ಅಂಚು ಚೂಪು, ಯಾವುದು ಕರಗಿಹೋಗಿದೆ ಅನ್ನುವುದು ಪರದೆಯ ಮೇಲೆ ಯಾವತ್ತೂ ಕಾಣುವುದಿಲ್ಲ.

ತಿರುವನಂತಪುರಕ್ಕೆ ಹೋದಾಗ ನಾನು ಜೇಬಿನಲ್ಲಿ ಒಂದು ರಟ್ಟು ಇಟ್ಟುಕೊಂಡು ಹೋಗಿದ್ದೆ. ಮೈಬಣ್ಣದ ಹನ್ನೆರಡು ಮಿಶ್ರಣ ಮಾಡಿ, ಅದರ ಮೇಲೆ ಬಳಿದು ಒಣಗಿಸಿ, ನಂಬರು ಹಾಕಿದ್ದೆ. ದೂರ ನಿಂತು, ಒಂದು ಕಣ್ಣು ಮುಚ್ಚಿ, ರಟ್ಟನ್ನು ಚಿತ್ರದ ಪಕ್ಕಕ್ಕೆ ಬರುವ ಹಾಗೆ ಹಿಡಿದು ನೋಡಿದೆ. ಕೆನ್ನೆಗೆ 4, ಕುತ್ತಿಗೆಯ ನೆರಳಿಗೆ 9, ಹೀಗೆ ಬರೆದುಕೊಂಡೆ. ಗಾರ್ಡು ಎರಡು ಸಲ ಬಂದು ನೋಡಿಹೋದ. ಮೂರನೇ ಸಲ ಅವನೇ ರಟ್ಟು ಇಸಕೊಂಡು ಒಂದು ಕಣ್ಣು ಮುಚ್ಚಿದ. ಹಾಗೆ ನೋಡಿದರೆ ರವಿವರ್ಮರೂ ಎಣ್ಣೆ ಬಣ್ಣ ಕಲಿತದ್ದು ನೋಡಿಯೇ. 1868ರಲ್ಲಿ ತಿರುವಾಂಕೂರಿನ ಅರಮನೆಗೆ ಥಿಯೋಡರ್ ಜೆನ್ಸನ್ ಅನ್ನುವ ಚಿತ್ರಕಾರ ಬಂದಿದ್ದರು. ಅವರು ಕಲಿಸಲಿಲ್ಲ, ಬರೆಯುವಾಗ ಪಕ್ಕದಲ್ಲಿ ನಿಂತು ನೋಡಲು ಬಿಟ್ಟರು ಅಷ್ಟೇ.

ಕ್ಯಾನ್ವಾಸ್, ಅಳತೆ, ಚೌಕ

ಅಂಗಡಿಯಲ್ಲಿ ರೆಡಿ ಕ್ಯಾನ್ವಾಸ್ 24 ಇಂಚು ಅಗಲ, 36 ಇಂಚು ಎತ್ತರ ಸಿಗುತ್ತದೆ. ನಿಮ್ಮ ಪ್ರಿಂಟು 8ಕ್ಕೆ 13. ಮೂರು ಪಟ್ಟು ಮಾಡಿದರೆ 24ಕ್ಕೆ 39 ಆಗಬೇಕು. ಮೂರು ಇಂಚು ಕಮ್ಮಿ ಬಿತ್ತು. ಹೋಗಲಿ ಬಿಡು, ಕೆಳಗಡೆ ಸ್ವಲ್ಪ ಕತ್ತರಿಸೋಣ ಅನ್ನುತ್ತಾರೆ. ಈ ಚಿತ್ರದಲ್ಲಿ ಕೆಳಗಡೆ ಇರುವುದು ಪಾದ! ಪಾದಕ್ಕೆ ಜಾಗ ಇಕ್ಕಟ್ಟಾದರೆ ಕತೆಯೇ ಹೋಯಿತು. ಅದಕ್ಕೆ ಬಡಗಿ ಹತ್ತಿರ ಬೇಕಾದ ಅಳತೆಯ ಚೌಕಟ್ಟು ಮಾಡಿಸಿ, ಹತ್ತಿ ಕ್ಯಾನ್ವಾಸ್ ಬಿಗಿದು, ಜೆಸ್ಸೊ ಅನ್ನುವ ಬಿಳಿ ತಳಬಣ್ಣ ಮೂರು ಕೋಟು ಹೊಡೆಯಿರಿ. ಒಂದೊಂದು ಕೋಟು ಒಣಗಿದ ಮೇಲೆ ನಯವಾದ ಉಪ್ಪು ಕಾಗದದಿಂದ ಉಜ್ಜಿ. ರವಿವರ್ಮರ ಮುಖಗಳು ನುಣುಪು. ಕೆಳಗಡೆ ನೇಯ್ಗೆ ತರಿತರಿಯಾಗಿದ್ದರೆ ಮುಖಕ್ಕೆ ಮೊಡವೆ ಬಂದ ಹಾಗೆ ಕಾಣುತ್ತದೆ.

ಚೌಕ ಹಾಕುವುದು ಬ್ಯಾನರ್ ಕೆಲಸದಲ್ಲಿ ನಮಗೆ ಉಸಿರಾಡಿದಷ್ಟು ಸಲೀಸು. ನಮ್ಮ ಮೇಸ್ತ್ರಿ ಅಂಗೈಯಷ್ಟು ಫೋಟೊ ಮೇಲೆ ಗೆರೆ ಎಳೆದುಕೊಟ್ಟರೆ ನಾವು ಗೋಡೆಯಷ್ಟು ಬಟ್ಟೆಯ ಮೇಲೆ ನೀಲಿ ಪುಡಿ ಹಚ್ಚಿದ ದಾರ ಎಳೆದು ಹೊಡೆಯುತ್ತಿದ್ದೆವು. ಇಲ್ಲಿಯೂ ಅದೇ ವಿದ್ಯೆ. ಪ್ರಿಂಟಿನ ಮೇಲೆ ಒಂದು ಇಂಚಿನ ಚೌಕ ಎಳೆಯಿರಿ. ಅಡ್ಡಕ್ಕೆ 8, ಉದ್ದಕ್ಕೆ 13, ಒಟ್ಟು 104. ಕ್ಯಾನ್ವಾಸ್ ಮೇಲೆ ಮೂರು ಇಂಚಿನ ಚೌಕ, ಅಷ್ಟೇ ಸಂಖ್ಯೆ. ಅಡ್ಡಕ್ಕೆ ನಂಬರು, ಉದ್ದಕ್ಕೆ ಅ ಆ ಇ ಈ. ಮುಖ, ಕೈ, ಪಾದ ಬರುವ ಚೌಕಗಳನ್ನು ಮತ್ತೆ ನಾಲ್ಕು ಭಾಗ ಮಾಡಿ. ಕಾಡಿನ ಜಾಗಕ್ಕೆ ಅದೆಲ್ಲ ಬೇಡ.

ಗೆರೆಗೆ ಗಾಢ ಪೆನ್ಸಿಲ್ ಬೇಡ. ಎಣ್ಣೆ ಬಣ್ಣ ವರ್ಷಗಳು ಕಳೆದಂತೆ ಪಾರದರ್ಶಕವಾಗುತ್ತಾ ಹೋಗುತ್ತದೆ. ಹತ್ತು ವರ್ಷದ ಮೇಲೆ ಶಕುಂತಲೆಯ ಕೆನ್ನೆಯಲ್ಲಿ ನಿಮ್ಮ ಚೌಕ ಇಣುಕೀತು. ತೆಳು ಇದ್ದಿಲ ಕಡ್ಡಿಯಲ್ಲಿ ಎಳೆದು, ರೂಪ ಬಂದ ಮೇಲೆ ಬಟ್ಟೆಯಲ್ಲಿ ಕೊಡವಿಬಿಡಿ.

ಪ್ರೊಜೆಕ್ಟರ್ ಹಾಕಿ ಗೆರೆ ಎಳೆಯಬಹುದಲ್ವಾ ಅಂತ ಹುಡುಗರು ಕೇಳುತ್ತಾರೆ. ಎಳೆಯಬಹುದು. ಬೇಗ ಆಗುತ್ತದೆ. ಆದರೆ ಒಂದೊಂದು ಚೌಕದಲ್ಲೂ ಕಣ್ಣು ಕೂರಿಸಿ ಎಳೆದಾಗ ಆ ಭುಜ ಎಷ್ಟು ಇಳಿದಿದೆ, ಸೊಂಟ ಎಷ್ಟು ತಿರುಗಿದೆ ಅನ್ನುವುದು ಕೈಗೆ ಹತ್ತುತ್ತದೆ. ಬಣ್ಣ ಹಾಕುವಾಗ ಗೆರೆ ಮುಚ್ಚಿಹೋದರೂ ಕೈ ಮರೆಯುವುದಿಲ್ಲ.

ಮೊದಲ ಪದರ

ಬಣ್ಣಕ್ಕೆ ಆಸೆಪಡಬೇಡಿ. ಮೊದಲು ಬರೀ ಕಂದು. ರಾ ಅಂಬರ್‌ಗೆ ಟರ್ಪೆಂಟೈನ್ ಬೆರೆಸಿ ಚಹಾದಷ್ಟು ತೆಳು ಮಾಡಿಕೊಂಡು ಇಡೀ ಚಿತ್ರದ ನೆರಳು ಬೆಳಕು ಬರೆಯಿರಿ. ಬೆಳಕು ಬೇಕಾದ ಕಡೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕಣ್ಣು ಕಿರಿದು ಮಾಡಿ ಪ್ರಿಂಟನ್ನೂ ಕ್ಯಾನ್ವಾಸನ್ನೂ ನೋಡಿ. ಎರಡರಲ್ಲೂ ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ ಒಂದೇ ಕಡೆ ಕಂಡರೆ ಅರ್ಧ ಕೆಲಸ ಮುಗಿಯಿತು. ಫೋನಿನಲ್ಲಿ ಎರಡರ ಫೋಟೊನೂ ಕಪ್ಪು ಬಿಳುಪು ಮಾಡಿ ಹೋಲಿಸಿದರೆ ಇನ್ನೂ ಸುಲಭ. ನಮ್ಮ ಮೇಸ್ತ್ರಿಗೆ ಈ ಸೌಲಭ್ಯ ಇರಲಿಲ್ಲ. ಅವರು ಬೀಡಿ ಹೊಗೆ ಬಿಟ್ಟು ಅದರ ಮಧ್ಯೆ ನೋಡುತ್ತಿದ್ದರು.

ಅಂಬರ್ ಬೇಗ ಒಣಗುತ್ತದೆ, ಅದರಲ್ಲಿ ಮ್ಯಾಂಗನೀಸ್ ಇದೆ. ಎರಡು ಮೂರು ದಿನ ಸಾಕು. ಇಲ್ಲಿಂದ ಮುಂದೆ ಒಂದೇ ನಿಯಮ: ಕೆಳಗಿನ ಪದರಕ್ಕೆ ಎಣ್ಣೆ ಕಮ್ಮಿ, ಮೇಲಿನ ಪದರಕ್ಕೆ ಜಾಸ್ತಿ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಕೆಳಗಿನದು ಇನ್ನೂ ಮೆತ್ತಗಿದ್ದು ಮೇಲಿನದು ಮೊದಲು ಬಿಗಿದುಕೊಂಡರೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ.

ಬಣ್ಣಗಳು

ಟ್ಯೂಬುಗಳ ಮೆರವಣಿಗೆ ಬೇಡ. ನನ್ನ ಪ್ಯಾಲೆಟ್ಟಿನಲ್ಲಿ ಇರುವುದು ಟೈಟಾನಿಯಂ ವೈಟ್, ಯೆಲ್ಲೊ ಓಕರ್ ಅನ್ನುವ ಮಣ್ಣಿನ ಹಳದಿ, ವರ್ಮಿಲಿಯನ್ ಕೆಂಪು, ಅಲಿಜರಿನ್ ಕ್ರಿಮ್ಸನ್ ಅನ್ನುವ ಗಾಢ ಕೆಂಪು, ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು, ರಾ ಮತ್ತು ಬರ್ನ್ಟ್ ಎರಡು ಅಂಬರ್, ಅಲ್ಟ್ರಾಮರೀನ್ ನೀಲಿ, ವಿರಿಡಿಯನ್ ಹಸಿರು. ಕಪ್ಪು ಇಟ್ಟುಕೊಳ್ಳುವುದಿಲ್ಲ. ಬರ್ನ್ಟ್ ಅಂಬರ್‌ಗೆ ಅಲ್ಟ್ರಾಮರೀನ್ ಬೆರೆಸಿದರೆ ಕೂದಲಿಗೆ ಬೇಕಾದಷ್ಟು ಕಪ್ಪು ಬರುತ್ತದೆ, ಜೀವವೂ ಇರುತ್ತದೆ.

ಬಿಳಿಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳುತ್ತೇನೆ. ಟೈಟಾನಿಯಂ ಬಿಳಿ ಅಂಗಡಿಗೆ ಬಂದದ್ದು 1920ರ ಆಸುಪಾಸಿನಲ್ಲಿ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಕಾಲದ ಚಿತ್ರಕಾರರ ಬಿಳಿ ಅಂದರೆ ಹೆಚ್ಚಾಗಿ ಸೀಸದ ಬಿಳಿ. ಅದು ಸ್ವಲ್ಪ ಬೆಚ್ಚಗೆ, ಹಾಲಿನ ಕೆನೆಯ ಹಾಗೆ. ಟೈಟಾನಿಯಂ ಹೊಸ ವಾಷಿಂಗ್ ಪೌಡರ್ ಜಾಹೀರಾತಿನ ಹಾಗೆ. ಅದನ್ನೇ ಸೀದಾ ಹಚ್ಚಿದರೆ ಇಡೀ ಚಿತ್ರದಲ್ಲಿ ಹೂವು ಮಾತ್ರ ಎದ್ದು ಕಿರುಚುತ್ತದೆ. ಸೀಸದ ಬಿಳಿ ವಿಷ, ಅದನ್ನು ಹುಡುಕಿಕೊಂಡು ಹೋಗಬೇಡಿ. ಟೈಟಾನಿಯಂಗೆ ಬ್ರಶ್ಶಿನ ತುದಿಯಷ್ಟು ಯೆಲ್ಲೊ ಓಕರ್ ಬೆರೆಸಿ ಒಂದು ಗುಪ್ಪೆ ಮಾಡಿಟ್ಟುಕೊಳ್ಳಿ. ಇಡೀ ಚಿತ್ರಕ್ಕೆ ಅದೇ ನಿಮ್ಮ ಬಿಳಿ.

ಮೈಬಣ್ಣಕ್ಕೆ ಈ ಬಿಳಿ, ಓಕರ್, ಚೂರು ವರ್ಮಿಲಿಯನ್. ನೆರಳಿಗೆ ಬರ್ನ್ಟ್ ಸಿಯೆನಾ, ಅದಕ್ಕೆ ಸ್ವಲ್ಪ ವಿರಿಡಿಯನ್. ಹಸಿರಾ ಅಂತ ಗಾಬರಿಯಾಗಬೇಡಿ. ಕೆಂಪು ಮೈಗೆ ಹಸಿರು ನೆರಳು ತಂಪು ಕೊಡುತ್ತದೆ. ಗದ್ದದ ಕೆಳಗೆ, ಕುತ್ತಿಗೆಯ ಪಕ್ಕ ನೋಡಿ, ಗೊತ್ತಾಗುತ್ತದೆ. ನೆರಳಿಗೆ ಕಪ್ಪು ಹಾಕಿದರೆ ಮಸಿ ಮೆತ್ತಿದ ಹಾಗಾಗುತ್ತದೆ.

ಕೆಲಸದ ಸರದಿ: ಹಿಂದಿನ ಕಾಡು ಮೊದಲು, ಆಮೇಲೆ ಗೆಳತಿಯರು, ಆಮೇಲೆ ಶಕುಂತಲೆಯ ಬಟ್ಟೆ, ಕೈ, ಪಾದ. ಮುಖ ಕಟ್ಟಕಡೆಗೆ. ಕಾಡಿನ ಎಲೆ ಒಂದೊಂದಾಗಿ ಎಣಿಸಬೇಡಿ. ರವಿವರ್ಮರಿಗೆ ಹಿಂದಿನ ನಿಸರ್ಗ ಬರೆಯಲು ತಮ್ಮ ರಾಜರಾಜ ವರ್ಮರ ಸಹಾಯ ಇತ್ತು. ನಿಮಗೆ ತಮ್ಮ ಇಲ್ಲದಿದ್ದರೆ ದೊಡ್ಡ ಬ್ರಶ್ಶು ಇದೆ. ಹಸಿರನ್ನು ಹಸಿಯಾಗಿರುವಾಗಲೇ ಒಣ ಬ್ರಶ್ಶಿನಿಂದ ಸವರಿ ಅಂಚು ಕರಗಿಸಿ. ಕಾಡು ಮಸುಕಾದಷ್ಟೂ ಹುಡುಗಿ ಮುಂದೆ ಬರುತ್ತಾಳೆ.

ಬಟ್ಟೆಗೆ ಒಂದು ಮಾತು. ನಾಟಕದಲ್ಲಿ ಅವಳು ಉಟ್ಟದ್ದು ನಾರುಮಡಿ. ರವಿವರ್ಮ ಮೆತ್ತನೆ ಬಟ್ಟೆ ಉಡಿಸಿದರು. ನಾವು ನಕಲು ಮಾಡುತ್ತಿರುವುದು ರವಿವರ್ಮರನ್ನು, ಹಾಗಾಗಿ ಮಡಿಕೆಗಳು ಬಟ್ಟೆಯ ಹಾಗೇ ಬೀಳಬೇಕು. ಮಡಿಕೆ ಅರ್ಥವಾಗದಿದ್ದರೆ ಮನೆಯಲ್ಲಿ ಯಾರನ್ನಾದರೂ ಹಾಗೇ ನಿಲ್ಲಿಸಿ ನೋಡಿ. ನನ್ನ ಹೆಂಡತಿ ಹಳೇ ಕಾಟನ್ ಸೀರೆ ಉಟ್ಟು, ಬಾಗಿಲು ಹಿಡಿದುಕೊಂಡು, ಒಂಟಿ ಕಾಲಲ್ಲಿ ನಿಂತಳು. ಮೂರನೇ ನಿಮಿಷಕ್ಕೆ "ಏನ್ರೀ, ದುಷ್ಯಂತ ಬರೋ ತನಕ ಹೀಗೇ ನಿಂತಿರಬೇಕಾ?" ಅಂದಳು. ಅಷ್ಟರಲ್ಲಿ ನನಗೆ ಬೇಕಾದ್ದು ಸಿಕ್ಕಿತ್ತು. ಒಂದು ಕಾಲು ಎತ್ತಿದಾಗ ಮಡಿಕೆಗಳೆಲ್ಲ ಇನ್ನೊಂದು ಕಾಲಿನ ಸೊಂಟದಿಂದ ಹೊರಡುತ್ತವೆ. ಅದು ಫೋಟೊದಲ್ಲೂ ಇತ್ತು, ನನಗೆ ಕಂಡಿರಲಿಲ್ಲ.

ಮುಖ

24 ಇಂಚು ಅಗಲದ ಕ್ಯಾನ್ವಾಸ್‌ನಲ್ಲಿ ಅವಳ ಮುಖ ಮೂರೂವರೆ ಇಂಚು ಬಂದರೆ ಹೆಚ್ಚು. ಕಣ್ಣು ಒಂದು ಕಡಲೆಬೀಜದಷ್ಟು. ಪಾಪೆ ಸಾಸಿವೆ ಕಾಳು. ಆ ಸಾಸಿವೆ ಕಾಳು ಅರ್ಧ ಕಾಳಿನಷ್ಟು ಆಚೆ ಸರಿದರೆ ಅವಳು ದುಷ್ಯಂತನನ್ನು ಬಿಟ್ಟು ಮರವನ್ನು ನೋಡುತ್ತಾಳೆ. ಬ್ಯಾನರ್‌ನಲ್ಲಿ ಹೀರೋ ಕಣ್ಣು ಒಂದು ಅಡಿ ಇರುತ್ತಿತ್ತು. ಒಂದಿಂಚು ತಪ್ಪಿದರೂ ರಸ್ತೆಯಲ್ಲಿ ಹೋಗುವವರಿಗೆ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಆ ಆಟ ನಡೆಯುವುದಿಲ್ಲ.

ಮುಖ ಬರೆಯುವ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ಬೆಳಗ್ಗೆಯ ಬೆಳಕು, ಉತ್ತರದ ಕಿಟಕಿ. ಸಣ್ಣ ಗುಂಡನೆ ಬ್ರಶ್ಶು, 0 ಮತ್ತು 2 ನಂಬರು. ಪ್ರಿಂಟನ್ನೂ ಕ್ಯಾನ್ವಾಸನ್ನೂ ತಲೆಕೆಳಗು ಮಾಡಿ ಶುರುಮಾಡಿ. ಆಗ ಅದು ಮುಖ ಅಂತ ಅನ್ನಿಸುವುದಿಲ್ಲ, ಬರೀ ಬೆಳಕಿನ ತುಂಡುಗಳು ಕಾಣುತ್ತವೆ. ಮೂಗಿನ ನೆರಳು ಮೂಗಲ್ಲ, ಒಂದು ತ್ರಿಕೋನ. ಅದನ್ನು ಅದರ ಜಾಗದಲ್ಲಿ ಇಡಿ. ಅರ್ಧ ದಿನ ಹೀಗೆ. ಆಮೇಲೆ ನೇರ ಮಾಡಿ.

ಈಗ ಆ ಚೀಟಿ ಓದಿಕೊಳ್ಳಿ. ನೋವಿಲ್ಲ, ಕಳ್ಳ ನೋಟ. ನಿಜವಾಗಿ ಮುಳ್ಳು ಚುಚ್ಚಿದವರನ್ನು ನೋಡಿದ್ದೀರಲ್ಲ. ಅವರು ಕಾಲನ್ನು ನೋಡುತ್ತಾರೆ. ಹುಬ್ಬು ಮೂಗಿನ ಕಡೆ ಎಳೆದುಕೊಳ್ಳುತ್ತದೆ. ತುಟಿ ಬಿಗಿಯುತ್ತದೆ. ಇವಳ ಕೈ ಪಾದದ ಹತ್ತಿರ ಇದೆ, ಕಣ್ಣು ಅಲ್ಲಿಲ್ಲ. ಹುಬ್ಬು ಬಿಡಿಯಾಗಿರಬೇಕು. ಹುಬ್ಬಿನ ಮಧ್ಯೆ ನಾನು ಮೊದಲ ಸಲ ಹಾಕಿದ್ದ ಎರಡು ಸಣ್ಣ ಗೆರೆಗಳೇ ಮೇಷ್ಟ್ರ ಕಣ್ಣಿಗೆ ಬಿದ್ದದ್ದು. ಅವನ್ನು ಬರ್ನ್ಟ್ ಸಿಯೆನಾದಲ್ಲಿ ಬರೆದಿದ್ದೆ, ತುಂಬಾ ಹೆಮ್ಮೆಯಿಂದ. ತುಟಿಯ ಮೂಲೆ ಕೆಳಗೆ ಇಳಿಸಿದ್ದೆ. ಅಸಲಿನಲ್ಲಿ ಅದ್ಯಾವುದೂ ಇಲ್ಲ. ಕಣ್ಣೆದುರಿಗೆ ಇಲ್ಲದ್ದನ್ನು ಬರೆದಿದ್ದೆ, ಯಾಕೆಂದರೆ ತಲೆಯೊಳಗೆ "ಮುಳ್ಳು" ಅಂತ ಕೂತಿತ್ತು.

ಬಣ್ಣ ಒಣಗಿತ್ತು. 400 ನಂಬರಿನ ನೀರು ಕಾಗದದಿಂದ, ಅಂದರೆ ಒದ್ದೆ ಮಾಡಿ ಉಜ್ಜುವ ಉಪ್ಪು ಕಾಗದದಿಂದ, ಹುಬ್ಬಿನ ಮಧ್ಯೆ, ತುಟಿಯ ಮೂಲೆಯಲ್ಲಿ ಮೆಲ್ಲಗೆ ಉಜ್ಜಿದೆ. ಒರೆಸಿ, ಚೂರು ಎಣ್ಣೆ ಸವರಿ, ಹಣೆಯ ಬಣ್ಣವನ್ನೇ ಕೆಳಗೆ ತಂದು ಸೇರಿಸಿದೆ. ತುಟಿಯ ಮೂಲೆಗೆ ಅಲಿಜರಿನ್‌ನ ಒಂದೇ ಒಂದು ಚುಕ್ಕಿ. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಎದ್ದು ಹಿಂದೆ ಸರಿದು ಕನ್ನಡಿಯಲ್ಲಿ ನೋಡಿದೆ. ಅದೇ ಕಾಲು, ಅದೇ ಕೈ, ಹುಡುಗಿ ಮಾತ್ರ ಬೇರೆ. ಕನ್ನಡಿಯಲ್ಲಿ ನೋಡುವುದು ಮರೆಯಬೇಡಿ. ವಾರಗಟ್ಟಲೆ ನೋಡಿ ನೋಡಿ ಕಣ್ಣು ಸೊಟ್ಟಕ್ಕೆ ಒಗ್ಗಿಹೋಗಿರುತ್ತದೆ. ಕನ್ನಡಿಗೆ ಆ ಅಭ್ಯಾಸ ಇಲ್ಲ.

ಚಿಂದಿ ಬಟ್ಟೆ, ಒಣಗಿಸುವುದು, ವಾರ್ನಿಷ್

ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿ ಹೀರುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲದೆ ತಾನಾಗಿಯೇ ಬೆಂಕಿ ಹತ್ತಬಹುದು. ಒಂದು ಏಪ್ರಿಲ್ ಮಧ್ಯಾಹ್ನ ಊಟಕ್ಕೆ ಹೋಗಿ ಬಂದರೆ ನನ್ನ ಪ್ಲಾಸ್ಟಿಕ್ ಬಕೆಟ್ಟಿನಿಂದ ಹೊಗೆ ಏಳುತ್ತಿತ್ತು. ಪಕ್ಕದಲ್ಲೇ ಟರ್ಪೆಂಟೈನ್ ಕ್ಯಾನು. ಅವತ್ತಿನಿಂದ ಬಟ್ಟೆಗಳನ್ನು ನೀರಲ್ಲಿ ಅದ್ದಿ, ಹಿತ್ತಲ ತಂತಿಗೆ ಒಂದೊಂದಾಗಿ ಹರವುತ್ತೇನೆ. ಪೂರ್ತಿ ಒಣಗಿ ಗಟ್ಟಿಯಾದ ಮೇಲೆ ಕಸಕ್ಕೆ.

ಚಿತ್ರ ಮುಟ್ಟಿದರೆ ಅಂಟದಿರಲು ಒಂದೆರಡು ವಾರ ಸಾಕು. ಒಳಗೆ ಒಣಗಲು ತಿಂಗಳುಗಳು ಬೇಕು. ಮಳೆಗಾಲದಲ್ಲಿ ಇನ್ನೂ ನಿಧಾನ. ಮಲೆನಾಡು, ಕರಾವಳಿಯವರು ಗೋಡೆಗೆ ಒರಗಿಸಿ ಇಡಬೇಡಿ, ಹಿಂದೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಕೊನೆಯ ವಾರ್ನಿಷ್ ಆರು ತಿಂಗಳ ಮೇಲೆ. ಗಿರಾಕಿ ಅವಸರ ಮಾಡಿದರೆ ರಿಟಚಿಂಗ್ ವಾರ್ನಿಷ್ ಅನ್ನುವ ತಾತ್ಕಾಲಿಕ ವಾರ್ನಿಷ್ ತೆಳ್ಳಗೆ ಹೊಡೆದು ಕೊಡಿ, ಆರು ತಿಂಗಳು ಬಿಟ್ಟು ತಂದುಕೊಡಿ ಅನ್ನಿ. ಹತ್ತರಲ್ಲಿ ಎಂಟು ಜನ ತರುವುದಿಲ್ಲ. ಆದರೂ ಹೇಳಿ.

ಸಹಿ ಯಾರದು

ಮುಂದೆ ರವಿವರ್ಮರ ಸಹಿ ಬರೆಯಬೇಡಿ. ಚೆನ್ನಾಗಿ ಕಾಣುತ್ತದೆ ಅಂತ ಕೆಲವರು ಕೇಳುತ್ತಾರೆ, ಹೆಚ್ಚು ದುಡ್ಡೂ ಕೊಡುತ್ತೇನೆ ಅನ್ನುತ್ತಾರೆ. ಬೇಡ ಅನ್ನಿ. ನಾನು ಕ್ಯಾನ್ವಾಸ್ ಹಿಂದೆ ಅಳಿಸದ ಬಣ್ಣದಲ್ಲಿ "ರವಿವರ್ಮರ ಚಿತ್ರದ ನಕಲು", ನನ್ನ ಹೆಸರು, ಊರು, ಇಸವಿ ಬರೆಯುತ್ತೇನೆ. ಅಳತೆಯನ್ನೂ ಅಸಲಿಗಿಂತ ಬೇರೆ ಇಡುತ್ತೇನೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಕೂತು ನಕಲು ಮಾಡುವವರಿಗೂ ಇದೇ ಷರತ್ತು. ಅಸಲಿಗಿಂತ ಐದನೇ ಒಂದು ಭಾಗ ದೊಡ್ಡದೋ ಚಿಕ್ಕದೋ ಇರಬೇಕು.

ನಮ್ಮ ಕಾನೂನಿನಲ್ಲಿ ಚಿತ್ರಕಾರ ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಹಕ್ಕು ಇರುತ್ತದೆ. ರವಿವರ್ಮರದ್ದು ಯಾವಾಗಲೋ ಮುಗಿದಿದೆ. ಆದರೆ ಜಗನ್ಮೋಹನ ಅರಮನೆಗೆ ಹೋದವರೆಲ್ಲ ಕೇಳುವ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದು ಹಲ್ದಣಕರ್ ಅವರದ್ದು. ಅವರು ತೀರಿಕೊಂಡದ್ದು 1968ರಲ್ಲಿ. ಲೆಕ್ಕ ಹಾಕಿಕೊಳ್ಳಿ. ಮಾರುವುದಕ್ಕಾದರೆ ನಾನು ಅದನ್ನು 2028 ಮುಗಿಯುವ ತನಕ ಮುಟ್ಟುವುದಿಲ್ಲ. ಅದೂ ಅಲ್ಲದೆ ಅದು ಜಲವರ್ಣ, ಎಣ್ಣೆಯಲ್ಲಿ ಆ ಬೆಳಕು ತರಲು ಹೋದವರು ಬೆವರು ಒರೆಸಿಕೊಳ್ಳುತ್ತಾರೆ.

ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಗೆ ಕಳಿಸಬೇಕು ಅನ್ನುವವರು ಬರುತ್ತಾರೆ. ರವಿವರ್ಮರ ಅಸಲು ಚಿತ್ರಗಳನ್ನು ದೇಶದ ಹೊರಗೆ ಒಯ್ಯುವ ಹಾಗಿಲ್ಲ, 1979ರಿಂದ ಅವು ರಾಷ್ಟ್ರದ ಕಲಾ ಸಂಪತ್ತು. ಹಾಗಾಗಿ ನಕಲು ಒಯ್ಯುವಾಗ ವಿಮಾನ ನಿಲ್ದಾಣದಲ್ಲಿ ಕೇಳಿದರೆ ತೋರಿಸಲು ನಿಮ್ಮ ಬಿಲ್ಲು, ಹಿಂದಿನ ಬರಹ ಎರಡೂ ಇರಲಿ. ಪುರಾತನ ವಸ್ತು ಅಲ್ಲ ಅಂತ ಪುರಾತತ್ವ ಇಲಾಖೆಯವರಿಂದ ಪತ್ರ ಮಾಡಿಸಿಕೊಂಡರೆ ಇನ್ನೂ ನಿಶ್ಚಿಂತೆ. ಸುತ್ತುವಾಗ ಬಣ್ಣದ ಮುಖ ಹೊರಗಿರಬೇಕು. ಒಳಗೆ ಮಾಡಿ ಸುತ್ತಿದರೆ ಬಿಚ್ಚುವಾಗ ಬಣ್ಣ ಸುಕ್ಕಿಬಿದ್ದು ಒಡೆಯುತ್ತದೆ. ಅಗಲ ಕೊಳವೆ ಬಳಸಿ, ಸಣ್ಣದು ಬೇಡ.

ದುಡ್ಡಿನ ಮಾತು ಚಿಕ್ಕದು. ಒಂದು ಶಕುಂತಲೆಗೆ ನನಗೆ ಆರು ವಾರ ಹಿಡಿಯುತ್ತದೆ. ಅರ್ಧ ಮುಂಗಡ ಇಲ್ಲದೆ ಚೌಕ ಎಳೆಯುವುದಿಲ್ಲ.

ಗೋಡೆಗೆ ಹಾಕುವಾಗ ಎದುರು ಬಿಸಿಲು ಬೀಳುವ ಜಾಗ, ಒಗ್ಗರಣೆ ಹೊಗೆ ತಾಗುವ ಜಾಗ ಬೇಡ. ಈ ಚಿತ್ರಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ಅವಳು ತಿರುಗಿ ನೋಡುವ ಕಡೆಗೆ ಗೋಡೆ ಸ್ವಲ್ಪ ಖಾಲಿ ಬಿಡಿ. ಮೇಷ್ಟ್ರು ಹುಬ್ಬು ತಿದ್ದಿದ ಮೇಲೆ ಬಂದು ಚಿತ್ರ ತೆಗೆದುಕೊಂಡು ಹೋದರು. ಒಂದು ವರ್ಷ ಬಿಟ್ಟು ವಾರ್ನಿಷ್ ಹೊಡೆಯಲು ಅವರ ಮನೆಗೆ ಹೋದೆ. ನಡುಮನೆಯಲ್ಲಿ ಜಾಗವಿರಲಿಲ್ಲವಂತೆ, ಊಟದ ಕೋಣೆಯಲ್ಲಿ ಹಾಕಿದ್ದರು. ಶಕುಂತಲೆ ಕಾಲು ಎತ್ತಿ, ಕತ್ತು ತಿರುಗಿಸಿ, ಅಷ್ಟು ಆಸೆಯಿಂದ ಫ್ರಿಜ್ಜನ್ನು ನೋಡುತ್ತಿದ್ದಳು.

"ಸಾರ್, ಫ್ರಿಜ್ಜು ಸರಿಸೋಣವಾ?" ಅಂದೆ.

"ಪ್ಲಗ್ ಪಾಯಿಂಟ್ ಅಲ್ಲೇ ಇರೋದಪ್ಪಾ" ಅಂದರು.